ಮಡಲು ಸುಡುವ ಮೊದಲು ಜೀರುಂಡೆ ಹುಡುಕಿ

ಕುಂಬಳೆಯ ಕಡಲ ಬದಿಯಲ್ಲಿ ನಮ್ಮ ತೆಂಗಿನ ತೋಟ. ಬೇಸಗೆ ಬಂತೆಂದರೆ ಕಪ್ಪುತಲೆ ಹುಳದ ಕಾಟ ಶುರು. ಕೆಳಗಿನ ಮಡಲುಗಳು ಬೆಂಕಿ ತಾಗಿದ ಹಾಗೆ ಒಣಗುತ್ತವೆ. ಹುಳ ಗರಿಯ ಅಡಿಯಲ್ಲಿ ನೂಲು, ಹಿಕ್ಕೆ ಸೇರಿಸಿ ಸುರಂಗ ಕಟ್ಟಿಕೊಂಡು ಒಳಗಿಂದಲೇ ಹಸಿರು ಕೆರೆದು ತಿನ್ನುತ್ತದೆ. ಮದ್ದು ಹೊಡೆದರೂ ತಾಗುವುದು ಕಷ್ಟ. ಅಲ್ಲದೆ ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಕಾಸರಗೋಡು ಜಿಲ್ಲೆ ನಮ್ಮದು, ವಿಷದ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹುಳ ಜಾಸ್ತಿಯಾದ ಮಡಲು ಕಡಿದು ಸುಡುವುದು ರೂಢಿ. ಸರಿಯೇ. ಆದರೆ ಆ ಸುರಂಗದೊಳಗೆ ಹುಳವನ್ನು ತಿನ್ನುವ ಜೀರುಂಡೆಯೂ ಇರುತ್ತದೆ. ಪರೇನಾ ನಿಗ್ರೊಲಿನಿಯೇಟಾ ಅಂತ ಅದರ ಹೆಸರು. ನೆಲಜೀರುಂಡೆಗಳ ಕುಟುಂಬದ್ದು, ವಾಸ ಮಾತ್ರ ಮಡಲಿನ ಮೇಲೆ. ಮೈ ಚಪ್ಪಟೆ, ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಮರಿಯೂ ಬೇಟೆಗಾರನೇ. ಇವನ್ನು ಹುಳದ ಜೊತೆ ಸುಟ್ಟುಬಿಟ್ಟರೆ ನಷ್ಟ ನಮಗೇ ಅಲ್ವಾ?

ನಾನು ಕಡಿದ ಮಡಲನ್ನು ನೆರಳಿಗೆ ತಂದು, ಬಿಳಿ ಬಟ್ಟೆಯ ಮೇಲೆ ಗರಿಗಳನ್ನು ಕುಟ್ಟುತ್ತೇನೆ. ಹುಳಗಳು ಬಿದ್ದಲ್ಲೇ ಮೈ ಕೊಸರುತ್ತವೆ. ಜೀರುಂಡೆ ಬಿದ್ದ ಕೂಡಲೇ ಕತ್ತಲೆ ಹುಡುಕಿ ಓಡುತ್ತದೆ. ಬೆರಳಿಂದ ಹಿಡಿಯಲು ಹೋದರೆ ಸಿಕ್ಕುವುದಿಲ್ಲ, ಒಂದು ಗರಿ ತುಂಡು ಅಡ್ಡ ಇಟ್ಟರೆ ತಾನೇ ಅದರಡಿಗೆ ನುಗ್ಗುತ್ತದೆ. ಗರಿ ಸಮೇತ ಬಾಟಲಿಗೆ. ಒಮ್ಮೆ ಬಾಟಲಿಯೊಳಗೆ ನಾಲ್ಕು ಹುಳ ಬಿಟ್ಟು ನೋಡಿದೆ. ಹುಳ ಎಷ್ಟು ಒದ್ದಾಡಿದರೂ ಜೀರುಂಡೆ ದವಡೆ ಸಡಿಲಿಸಲಿಲ್ಲ. ಬೆಳಿಗ್ಗೆ ನೋಡಿದರೆ ಕಪ್ಪು ತಲೆಗಳು, ಒಂದಿಷ್ಟು ಸಿಪ್ಪೆ, ಅಷ್ಟೇ.

ಸಂಜೆ ಹೊತ್ತು ದೋಟಿಯ ತುದಿಗೆ ಆ ಗರಿ ತುಂಡು ಕಟ್ಟಿ, ಹುಳ ಇರುವ ಬೇರೆ ಮರದ ಮಡಲಿಗೆ ಸಿಕ್ಕಿಸುತ್ತೇನೆ. ಗಿಡ್ಡ ಮರವಾದರೆ ಕೈಯಲ್ಲೇ ಆಗುತ್ತದೆ. ಆಮೇಲೆ ಉಳಿದ ಮಡಲಿಗೆ ಬೆಂಕಿ.

ಜೀರುಂಡೆ ಒಂದರಿಂದಲೇ ಎಲ್ಲ ಆಗುವುದಿಲ್ಲ. ಹುಳ ವಿಪರೀತ ಇದ್ದಾಗ ಗೋನಿಯೋಜಸ್ ಕಣಜವನ್ನೂ ತಂದು ಬಿಡುತ್ತೇನೆ. ಅದು ದೊಡ್ಡ ಹುಳವನ್ನು ಚುಚ್ಚಿ ಮಲಗಿಸಿ, ಮೈಮೇಲೆ ಮೊಟ್ಟೆ ಇಡುತ್ತದೆ. ಆದರೆ ಕಣಜವನ್ನು ಹೊರಗಿಂದ ತರಬೇಕು, ಜೀರುಂಡೆ ತೋಟದಲ್ಲೇ ಸಿಗುತ್ತದೆ. ಪಕ್ಕದ ತೋಟದವರು ಬಂದು, "ನಮಗೂ ಸ್ವಲ್ಪ ಕೊಡಿ ಮಾರಾಯ್ರೆ" ಅಂದರು. ಮೊದಲು ನಿಮ್ಮ ಮಡಲು ಕುಟ್ಟಿ ನೋಡಿ ಅಂದೆ. ಅವರಲ್ಲೂ ಇದ್ದವು.