ಅಮೆರಿಕದ ಅಂತರ್ಯುದ್ಧ: ಚರ್ಚಾಸ್ಪರ್ಧೆಗೆ ಹೊರಟವರಿಗೆ

ನಾನು ಪಿಯು ಕಾಲೇಜಿನ ಇತಿಹಾಸದ ಮೇಷ್ಟ್ರು. ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡೋ ಕೆಲಸವೂ ನನ್ನದೇ. ‘ಅಮೆರಿಕದ ಅಂತರ್ಯುದ್ಧಕ್ಕೆ ಗುಲಾಮಗಿರಿಯೇ ಕಾರಣ’ ಎಂಬ ವಿಷಯ ಬಂದರೆ ಸಾಕು, ಎಲ್ಲರೂ ಆಗಿನ ಅಧ್ಯಕ್ಷ ಲಿಂಕನ್ ಭಾಷಣ ಬಾಯಿಪಾಠ ಮಾಡಲು ಕೂರುತ್ತಾರೆ. ಅದಿರಲಿ. ಮೊದಲು ಪ್ರಶ್ನೆಯನ್ನು ಎರಡು ಮಾಡಿ. ದಕ್ಷಿಣದ ರಾಜ್ಯಗಳು ಒಕ್ಕೂಟ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನ, ಬಿಟ್ಟಿದ್ದೇಕೆ? ಉತ್ತರದವರು ಯುದ್ಧ ಮಾಡಿದ್ದೇಕೆ? ಇವೆರಡನ್ನೂ ಕಲಸಿದರೆ ಎದುರಾಳಿಗೆ ಹಬ್ಬ.

ಮೊದಲನೆಯದಕ್ಕೆ ಬಿಟ್ಟುಹೋದವರ ಕಾಗದಗಳನ್ನೇ ಓದಿ. 1860ರ ಡಿಸೆಂಬರ್ 20ರಂದು ಸೌತ್ ಕೆರೊಲಿನಾ ಹೊರಬಂತು. ನಾಲ್ಕೇ ದಿನಕ್ಕೆ ಕಾರಣಗಳ ಪತ್ರವನ್ನೂ ಹೊರಡಿಸಿತು. ಓಡಿಹೋದ ಗುಲಾಮರನ್ನು ಉತ್ತರದವರು ಹಿಡಿದು ಒಪ್ಪಿಸುತ್ತಿಲ್ಲ ಅನ್ನೋದೇ ಅದರ ದೊಡ್ಡ ದೂರು. ಒಂದೊಂದು ರಾಜ್ಯದ ಹೆಸರು ಹಿಡಿದು ಬೈದಿದ್ದಾರೆ. ಗುಲಾಮನನ್ನು ಕರೆದುಕೊಂಡು ನ್ಯೂಯಾರ್ಕ್ ದಾಟಲೂ ಬಿಡುತ್ತಿಲ್ಲವಂತೆ! ಮಿಸಿಸಿಪ್ಪಿಯವರು ಇನ್ನೂ ನೇರ. ತಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ಎರಡನೇ ವಾಕ್ಯದಲ್ಲೇ ಬರೆದರು.

‘ಅದು ರಾಜ್ಯಗಳ ಹಕ್ಕಿನ ಹೋರಾಟ’ ಅಂತ ಯಾರಾದರೂ ಎದ್ದೇ ಏಳುತ್ತಾರೆ. ಸಿಟ್ಟಾಗಬೇಡಿ. ‘ಯಾವ ಹಕ್ಕು?’ ಅಂತ ಕೇಳಿ. ಮೇಲಿನ ಪತ್ರದಲ್ಲಿ ಬೈಸಿಕೊಂಡಿದ್ದು ಉತ್ತರದ ರಾಜ್ಯಗಳು ತಾವೇ ಮಾಡಿಕೊಂಡ ಕಾನೂನುಗಳು, ಅಲ್ವಾ? ಓಡಿಹೋದ ಗುಲಾಮರನ್ನು ಹಿಡಿಯುವ 1850ರ ಕಾನೂನು ಕೇಂದ್ರದ್ದು. ದಕ್ಷಿಣದವರಿಗೆ ಅದು ಬೇಕಿತ್ತು. ಹಾಗಾದರೆ ರಾಜ್ಯಗಳ ಹಕ್ಕು ಎಲ್ಲಿ ಹೋಯಿತು?

ಆಮದು ಸುಂಕ ಏರಿಸಿದ್ದಕ್ಕೇ ದಕ್ಷಿಣದವರು ಹೊರಟರು ಎಂಬ ವಾದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ಸುಂಕ ಏರಿಸಿದ ಕಾನೂನಿಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ಕ್ಕೆ. ಅಷ್ಟೊತ್ತಿಗೆ ಏಳು ರಾಜ್ಯಗಳು ಹೊರಡುವ ತೀರ್ಮಾನ ಮಾಡಿಯಾಗಿತ್ತು. ‘ಆರ್ಥಿಕ ಕಾರಣ’ ಅಂದರೆ ಒಪ್ಪಿಕೊಳ್ಳಿ, ಆದರೆ ಹತ್ತಿ ಬಿಡಿಸಿದ ಕೈ ಯಾರದು ಅಂತ ಕೇಳಿ. ಆಗ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಯುದ್ಧದಲ್ಲಿ ಆ ಹತ್ತಿ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಧಾರವಾಡದ ಕಡೆ ಹತ್ತಿಯ ಬೆಲೆ ಏರಿತ್ತು. ಇದನ್ನು ಹೇಳಿದರೆ ತೀರ್ಪುಗಾರರು ತಲೆ ಎತ್ತಿ ನೋಡುತ್ತಾರೆ.

ಎದುರಾಳಿ ಪುಸ್ತಕದ ಸಾಲು ಓದಿದರೆ ತಾರೀಖು ಕೇಳಿ. ಹೊರಬಂದ ರಾಜ್ಯಗಳು ಕಟ್ಟಿಕೊಂಡ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಜಾರ್ಜಿಯಾದ ಸವಾನ್ನಾ ಊರಲ್ಲಿ ನಿಂತು, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ಆ ಸರ್ಕಾರದ ಮೂಲೆಗಲ್ಲು ಅಂದಿದ್ದ. ಸೋತ ಮೇಲೆ ದಪ್ಪ ದಪ್ಪ ಸಂಪುಟ ಬರೆದು ಎಲ್ಲವೂ ಸಂವಿಧಾನದ ಜಗಳ ಅಂದ. ಗೆದ್ದೇ ಗೆಲ್ಲುತ್ತೇವೆ ಎಂಬ ಧೈರ್ಯದಲ್ಲಿ ಆಡಿದ ಮಾತನ್ನೇ ನಾನು ನಂಬುತ್ತೇನೆ.

ಎರಡನೇ ಪ್ರಶ್ನೆಯಲ್ಲಿ ಮಾತ್ರ ಹುಷಾರು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂದು ಲಿಂಕನ್ 1862ರ ಆಗಸ್ಟ್‌ನಲ್ಲಿ ಬರೆದಿದ್ದ. ಗುಲಾಮಗಿರಿ ಇದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ಒಕ್ಕೂಟದಲ್ಲೇ ಉಳಿದವು. ಇದನ್ನು ಎದುರಾಳಿ ಹೇಳುವ ಮೊದಲೇ ನೀವು ಹೇಳಿಬಿಡಿ. ಉತ್ತರದವರು ಮೊದಲು ಹೊರಟಿದ್ದು ಒಕ್ಕೂಟ ಉಳಿಸಲು. ಆದರೆ ಆ ಒಕ್ಕೂಟ ಒಡೆದಿದ್ದು ಯಾತಕ್ಕೆ ಅಂತ ಕೇಳಿ, ಸೌತ್ ಕೆರೊಲಿನಾದ ಪತ್ರವನ್ನು ಮತ್ತೆ ಕೈಗೆತ್ತಿಕೊಳ್ಳಿ.