ಮುಂಬೈಯಲ್ಲಿದ್ದು ಮೂಳೆ ಗಟ್ಟಿ ಇಟ್ಟುಕೊಳ್ಳೋದು ಹೇಗೆ

ಹೋದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಮನೆ ಬಚ್ಚಲಲ್ಲಿ ಅಮ್ಮ ಜಾರಿದರು. ಜೋರಾಗಿ ಬಿದ್ದಿರಲಿಲ್ಲ, ಆದರೂ ಮಣಿಕಟ್ಟು ಮುರಿಯಿತು. ಊರಲ್ಲಿ ದಿನಾ ಮುದ್ದೆ ಉಣ್ಣುತ್ತಿದ್ದವರು ಇಲ್ಲಿಗೆ ಬಂದ ಮೇಲೆ ಚಹಾ, ಚಪಾತಿ, ಅನ್ನದಲ್ಲೇ ದಿನ ಕಳೆದಿದ್ದರು. ಅವತ್ತಿನಿಂದ ನಾನು ಮನೆಯವರ ಕ್ಯಾಲ್ಸಿಯಂ ಲೆಕ್ಕ ಇಡುತ್ತಿದ್ದೇನೆ.

ಮೊದಲು ರಾಗಿ ತನ್ನಿ. ಕಿರಾಣಿ ಅಂಗಡಿಯಲ್ಲಿ 'ನಾಚಣಿ' ಅಂತ ಕೇಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಹಾಗಂತ ಹಾಲು, ಮೊಸರು ಬಿಡಬೇಡಿ, ಅದರ ಕ್ಯಾಲ್ಸಿಯಂ ಮೈಗೆ ಚೆನ್ನಾಗಿ ಹತ್ತುತ್ತದೆ. ಸಿಪ್ಪೆ ತೆಗೆಯದ ಎಳ್ಳನ್ನು ಹುರಿದು ಚಟ್ನಿಪುಡಿ ಮಾಡಿಟ್ಟರೆ ಒಂದು ದೊಡ್ಡ ಚಮಚಕ್ಕೆ 100 ಮಿಲಿಗ್ರಾಂ ಸಿಗುತ್ತದೆ, ಸಂಕ್ರಾಂತಿಗಷ್ಟೇ ಎಳ್ಳು ಯಾಕೆ ಅಲ್ವಾ? ಭಾಜಿವಾಲಿ ಹತ್ತಿರ 'ಶೇವಗ್ಯಾಚಾ ಪಾಲಾ' ಕೇಳಿದರೆ ನುಗ್ಗೆಸೊಪ್ಪು ಕೊಡುತ್ತಾಳೆ, ಪಲ್ಯಕ್ಕೆ, ಸಾರಿಗೆ, ರೊಟ್ಟಿಗೆ ಎಲ್ಲದಕ್ಕೂ ಆಗುತ್ತದೆ. ಪಾಲಕ್ ತಿನ್ನಿ, ಆದರೆ ಕ್ಯಾಲ್ಸಿಯಂಗೆ ಅದನ್ನೇ ನಂಬಬೇಡಿ. ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಸೇರದಂತೆ ಹಿಡಿದಿಟ್ಟುಬಿಡುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕು, 10ರಿಂದ 12ಕ್ಕೆ 850, ಹದಿಹರೆಯದಲ್ಲಿ ಸುಮಾರು 1000. ಹದಿಹರೆಯವನ್ನು ಮಾತ್ರ ಸುಮ್ನೆ ಕಳೆಯಬೇಡಿ, ಯಾಕೆಂದರೆ ಜೀವನಪೂರ್ತಿ ಬಳಸುವ ಮೂಳೆಯ ಬಹುಪಾಲು ಆಗಲೇ ಕಟ್ಟಿಕೊಳ್ಳುತ್ತದೆ, ಮೂವತ್ತರ ಹೊತ್ತಿಗೆ ಅದು ನಿಂತೇ ಹೋಗುತ್ತದೆ. ಕ್ಲಾಸು, ಟ್ಯೂಷನ್ ಅಂತ ವಡಾಪಾವ್ ಮೇಲೆ ಓಡುವ ಮಗಳ ಡಬ್ಬಿಗೆ ರಾಗಿ ದೋಸೆ ಹಾಕಿ. ದೊಡ್ಡವರಿಗೆ 1000 ಸಾಕು, ಬಸುರಿಗೂ ಅಷ್ಟೇ. ಹಾಲೂಡಿಸುವ ತಾಯಿಗೆ, ಮುಟ್ಟು ನಿಂತವರಿಗೆ 1200. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ, ಅಮ್ಮನಿಗೆ ಇದನ್ನು ಆಗಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅದನ್ನು ಊಟದ ಜೊತೆ ತಗೊಳ್ಳಿ, ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಬೇಡ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆಯಾದರೆ ನಾಲ್ಕು ಗಂಟೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಡಾಕ್ಟರನ್ನು ಕೇಳದೆ ಮಾತ್ರೆ ಶುರು ಮಾಡಬೇಡಿ.

ಇನ್ನು ಬಿಸಿಲು. ವಿಟಮಿನ್ ಡಿ ಕಡಿಮೆಯಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಸೇರುವುದಿಲ್ಲ. ಒತ್ತೊತ್ತಾದ ಕಟ್ಟಡಗಳ ನಡುವೆ ನಮ್ಮ ಬಾಲ್ಕನಿಗೆ ಬಿಸಿಲೇ ಬೀಳದು, ಕಿಟಕಿ ಗಾಜಿನ ಹಿಂದೆ ಕೂತರೂ ಪ್ರಯೋಜನವಿಲ್ಲ. ಅದಕ್ಕೇ ಈಗ ಅಮ್ಮ ಹನ್ನೊಂದರ ಹೊತ್ತಿಗೆ ಟೆರೇಸಿಗೆ ಹೋಗಿ ಕಾಲು ಗಂಟೆ ಕೂತು, ಅಲ್ಲೇ ನುಗ್ಗೆಸೊಪ್ಪು ಬಿಡಿಸಿಕೊಂಡು ಬರುತ್ತಾರೆ.