ನಮ್ಮ ಗಾಣದ ಬ್ರಿಕ್ಸ್ ವಹಿಯಲ್ಲಿ ಪೂಲ್ಡ್ ವೇರಿಯನ್ಸ್

ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ದಂಡೆಯ ಎರೆ ಹೊಲಗಳಲ್ಲಿ ನಮ್ಮ ಮನೆತನದ ಕಬ್ಬು. ಒಂದಿಷ್ಟು ಕಾರ್ಖಾನೆಗೆ ಹೋಗುತ್ತದೆ, ಉಳಿದದ್ದು ಕಾಕಾನ ಗಾಣಕ್ಕೆ. ಬೆಲ್ಲ ಮಹಾಲಿಂಗಪುರದ ಪೇಟೆಗೆ. ಯಾವ ಪಟ್ಟಿಯ (ಹೊಲದ ತುಂಡಿನ) ಕಬ್ಬು ಮೊದಲು ಕಡಿಸಬೇಕು ಎಂಬುದನ್ನು ಕಾಕಾ ಜಗಿದು ನೋಡಿಯೇ ಹೇಳುತ್ತಿದ್ದರು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿ ಊರಿಗೆ ಬಂದ ನಾನು ಒಂದು ಕೈ ರಿಫ್ರ್ಯಾಕ್ಟೋಮೀಟರ್ ತಂದೆ. ಕಬ್ಬಿನ ನಡುಗಣಿಕೆಗೆ ಸೂಜಿ ಚುಚ್ಚಿ, ಎರಡು ಹನಿ ರಸ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಮಾಪಿನಲ್ಲಿ ಬ್ರಿಕ್ಸ್ ಕಾಣುತ್ತದೆ. ರಸದಲ್ಲಿ ಕರಗಿರುವ ಘನಪದಾರ್ಥ ನೂರಕ್ಕೆ ಎಷ್ಟು ಎಂಬುದು ಅದರ ಲೆಕ್ಕ. ಕಬ್ಬಿನಲ್ಲಿ ಅದರ ಬಹುಪಾಲು ಸಕ್ಕರೆಯೇ.

ಮೊದಲ ದಿನವೇ ಕಾಕಾ ಪಕ್ಕದಲ್ಲಿ ನಿಂತು ನೋಡಿದರು. ಒಂದೇ ಕಬ್ಬಿನ ರಸ ಎರಡು ಸಲ ಹಾಕಿದೆ: ಒಮ್ಮೆ 19.2, ಇನ್ನೊಮ್ಮೆ 19.6.

"ಅಲ್ಲವಾ, ಕಬ್ಬು ಒಂದ, ರಸ ಒಂದ. ನಂಬರ ಯಾಕ ಎರಡ ಬಂತು? ಯಾವುದು ಖರೆ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ವೇರಿಯನ್ಸ್ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ; ಹಲವು ಗುಂಪುಗಳ ಅಂಥ ಅಳತೆಗಳನ್ನು ಒಂದಾಗಿಸಿದ್ದು ಪೂಲ್ಡ್ ವೇರಿಯನ್ಸ್. ಪರೀಕ್ಷೆಯಲ್ಲಿ ಅದರ ಸೂತ್ರ ಬರೆದು ಅಂಕ ಪಡೆದಿದ್ದೆ. ಆದರೆ ಇಂಥ ಪ್ರಶ್ನೆಗೇ ಅದು ಹುಟ್ಟಿದ್ದು ಅಂತ ಯಾರೂ ಹೇಳಿರಲಿಲ್ಲ.

ಮರುದಿನ ಎಂಟು ಕಬ್ಬು ಆರಿಸಿ, ಒಂದೊಂದರ ರಸವನ್ನು ಎರಡೆರಡು ಸಲ ನೋಡಿ, ಹದಿನಾರು ರೀಡಿಂಗ್ ಬರೆದುಕೊಂಡೆ. ಅಲ್ಲಿಯೇ ತಪ್ಪಿದೆ. ಹದಿನಾರನ್ನೂ ಎಕ್ಸೆಲ್‌ನ ಒಂದೇ ಕಂಬದಲ್ಲಿ ಸುರಿದು ಮಾನಕ ವಿಚಲನೆ (ವೇರಿಯನ್ಸಿನ ವರ್ಗಮೂಲ) ತೆಗೆದೆ. 1.5ರ ಹತ್ತಿರ ಬಂತು. ಒಂದೂವರೆ ಅಂಶ ಹಿಂದೆಮುಂದೆ ಆಗುವ ಉಪಕರಣದಿಂದ ಏನು ಪ್ರಯೋಜನ? ಕೆಟ್ಟಿದೆ ಅಂದುಕೊಂಡು ಹೊಸದರ ದರ ಕೇಳಲು ಜಮಖಂಡಿಗೆ ಹೋಗುವವಳಿದ್ದೆ. ಬಸ್ಸಿಗೆ ಕಾಯುತ್ತ ವಹಿ ತೆರೆದಾಗ ಕಣ್ಣಿಗೆ ಬಿತ್ತು: ಕಬ್ಬುಗಳೇ 16.8ರಿಂದ 21.2ರವರೆಗೆ ಬೇರೆಬೇರೆ ಇದ್ದವು. ನಾನು ಅಳೆದದ್ದು ಉಪಕರಣದ ಏರುಪೇರನ್ನಲ್ಲ, ಕಬ್ಬಿಗೂ ಕಬ್ಬಿಗೂ ಇರುವ ಅಂತರವನ್ನು. ರೀಡಿಂಗ್‌ಗಳನ್ನೇ ಒಟ್ಟುಗೂಡಿಸುವುದು ಬೇರೆ, ಪ್ರತಿ ಗುಂಪಿನ ಒಳಗಿನ ಚದುರುವಿಕೆಯನ್ನು ಒಟ್ಟುಗೂಡಿಸುವುದು ಬೇರೆ. ಎರಡನೆಯದೇ ಪೂಲ್ಡ್ ವೇರಿಯನ್ಸ್. ಬಸ್ಸು ಬಂತು, ಹತ್ತಲಿಲ್ಲ.

ಮನೆಗೆ ಬಂದು ಜೋಡಿಗಳನ್ನು ಜೋಡಿಯಾಗಿಯೇ ಇಟ್ಟೆ. ಪ್ರತಿ ಜೋಡಿಯ ವ್ಯತ್ಯಾಸ ಹೀಗಿತ್ತು: 0.2, 0.4, 0, 0.2, 0.4, 0.2, 0, 0.4. ಮಾಪಿನ ಗೆರೆಗಳೇ 0.2ಕ್ಕೊಂದು, ಹಾಗಾಗಿ ನಡುವಿನ ಅಂಕಿ ಬರುವುದಿಲ್ಲ. ಇವುಗಳ ವರ್ಗ ಮಾಡಿ ಕೂಡಿಸಿದರೆ 0.60. ಎರಡೇ ರೀಡಿಂಗ್ ಇರುವ ಗುಂಪಿನಲ್ಲಿ ವೇರಿಯನ್ಸ್ ಎಂದರೆ ವ್ಯತ್ಯಾಸದ ವರ್ಗದ ಅರ್ಧ. ಎಂಟು ಜೋಡಿಗಳ ಸರಾಸರಿ ಬೇಕಾದರೆ 0.60ನ್ನು ಎಂಟರ ಎರಡರಷ್ಟಕ್ಕೆ, ಅಂದರೆ 16ಕ್ಕೆ ಭಾಗಿಸಬೇಕು: 0.0375. ವರ್ಗಮೂಲ 0.19. ಒಂದೂವರೆ ಎಲ್ಲಿ, 0.19 ಎಲ್ಲಿ!

ಇಷ್ಟು ಸಣ್ಣ ಜೋಡಿಗಳನ್ನು ಕೂಡಿಸುವ ಉಪದ್ವ್ಯಾಪ ಯಾಕೆ ಎಂದರೆ, ಒಂದು ಜೋಡಿಯಿಂದ ಬಂದ ವಿಚಲನೆಯನ್ನು ನಂಬಲು ಬರುವುದೇ ಇಲ್ಲ. ನೂರಕ್ಕೆ 95ರ ಭರವಸೆಯಲ್ಲಿ ಹೇಳಬೇಕಾದರೆ, ನಿಜವಾದ ವಿಚಲನೆ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಿಂದ ಹಿಡಿದು ಸುಮಾರು 32 ಪಟ್ಟಿನವರೆಗೆ ಎಲ್ಲಿಯಾದರೂ ಇರಬಹುದು. ಎಂಟು ಜೋಡಿ ಕೂಡಿದ ಮೇಲೆ ಆ ಹರವು ಮುಕ್ಕಾಲಿಗಿಂತ ಸ್ವಲ್ಪ ಕಡಿಮೆಯಿಂದ ಎರಡು ಪಟ್ಟಿನೊಳಗೆ ಬರುತ್ತದೆ. ಪ್ರತಿ ಜೋಡಿ ಒಂದೊಂದು ಡಿಗ್ರಿ ಆಫ್ ಫ್ರೀಡಂ (ಗುಂಪಿನ ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ) ತಂದು ಹಾಕುತ್ತದೆ. ಮುಯ್ಯಿಗೆ ಮನೆಗೊಂದು ಆಳು ಬಂದ ಹಾಗೆ. ಆದರೆ ಎಲ್ಲ ಜೋಡಿಗಳಲ್ಲೂ ಏರುಪೇರು ಒಂದೇ ತೆರನಾಗಿರಬೇಕು. ಬ್ರಿಕ್ಸ್ ಏರಿದ ಹಾಗೆ ಜೋಡಿಯ ಅಂತರವೂ ಏರುತ್ತದೋ ಎಂದು ವಹಿ ನೋಡಿದೆ. ಹಾಗಿರಲಿಲ್ಲ.

ಕಾಕಾನಿಗೆ ಸಂಜೆ ಉತ್ತರ ಹೇಳಿದೆ: ಒಂದೇ ರಸಕ್ಕೆ ಎರಡು ನಂಬರು ಬಂದು ಅವುಗಳ ನಡುವೆ 0.6ರವರೆಗೆ ಅಂತರವಿದ್ದರೆ ಅದು ನೋಡುವವರ ಕಣ್ಣಿನದು, ಉಪಕರಣದ್ದು. ಅದಕ್ಕೂ ಹೆಚ್ಚಾದರೆ ಗಾಜು ಒರೆಸಿ ಮತ್ತೆ ನೋಡಬೇಕು. 0.19ನ್ನು ಎರಡರ ವರ್ಗಮೂಲದಿಂದಲೂ, ಎಂಟು ಡಿಗ್ರಿ ಆಫ್ ಫ್ರೀಡಂಗೆ ಟಿ ಕೋಷ್ಟಕ (ಅಳತೆಗಳು ಕೆಲವೇ ಇದ್ದಾಗ ಬಳಸುವ ಪಟ್ಟಿ) ಕೊಡುವ ಗಡಿ 2.306ರಿಂದಲೂ ಗುಣಿಸಿದರೆ ಆ 0.6 ಬರುತ್ತದೆ. "ಹಂಗಾರ 19.2, 19.6 ಎರಡೂ ಖರೆ ಅನ್ನು" ಅಂದರು. ಹೌದು ಅಂದೆ.

ಒಂದು ಎಚ್ಚರ ಇಲ್ಲಿಯೇ ಹೇಳಿಬಿಡುತ್ತೇನೆ. ಜೋಡಿಯ ಎರಡೂ ರೀಡಿಂಗ್ ಒಂದೇ ಕಡೆ ಬಾಗಿದ್ದರೆ ಪೂಲ್ಡ್ ವೇರಿಯನ್ಸ್‌ಗೆ ಅದು ಕಾಣುವುದಿಲ್ಲ. ರಿಫ್ರ್ಯಾಕ್ಟೋಮೀಟರ್ ಮಾಪು 20 ಡಿಗ್ರಿ ಸೆಲ್ಸಿಯಸ್‌ಗೆ ಗುರುತು ಮಾಡಿದ್ದು. ತಾಪಮಾನ ಸರಿದೂಗಿಸುವ ವ್ಯವಸ್ಥೆ ಇಲ್ಲದ ಉಪಕರಣ 30 ಡಿಗ್ರಿಯ ಹಗಲಲ್ಲಿ ಮುಕ್ಕಾಲು ಅಂಶದಷ್ಟು ಕಡಿಮೆ ತೋರಿಸುತ್ತದೆ, ಎರಡು ಸಲವೂ ಅಷ್ಟೇ ಕಡಿಮೆ. ಅದಕ್ಕೆ ಈಗ ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲ ಪಟ್ಟಿ ನೋಡುತ್ತೇನೆ, ಶುದ್ಧ ನೀರು ಹಾಕಿ ಮಾಪನ್ನು ಸೊನ್ನೆಗೆ ಹೊಂದಿಸಿಕೊಂಡು ಶುರು ಮಾಡುತ್ತೇನೆ.

ಮುಂದೆ ಪಟ್ಟಿಗಳನ್ನು ಹೋಲಿಸುವ ಕೆಲಸ. ಡ್ರಿಪ್ ಹಾಕಿದ ಪಟ್ಟಿಯಲ್ಲಿ 12 ಕಬ್ಬು, ಸಾಲಿಗೆ ನೀರು ಹರಿಸುವ ಪಟ್ಟಿಯಲ್ಲಿ 8 ಕಬ್ಬು. ಲೆಕ್ಕ ತಿಳಿಯಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ: ಮೊದಲನೆಯದರ ಸರಾಸರಿ 19.4, ವೇರಿಯನ್ಸ್ 0.90, ಎರಡನೆಯದರ ಸರಾಸರಿ 18.3, ವೇರಿಯನ್ಸ್ 1.30. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 1.10 ಬರುತ್ತದೆ, ಆದರೆ 12 ಕಬ್ಬಿನ ಮಾತಿಗೂ 8 ಕಬ್ಬಿನ ಮಾತಿಗೂ ಒಂದೇ ತೂಕ ಕೊಟ್ಟಂತಾಯಿತು. ತೂಕ ಕೊಡಬೇಕಾದದ್ದು ಡಿಗ್ರಿ ಆಫ್ ಫ್ರೀಡಂಗೆ ತಕ್ಕಂತೆ, ಅಂದರೆ 11 ಮತ್ತು 7. ಹನ್ನೊಂದು ಸಲ 0.90 ಎಂದರೆ 9.9, ಏಳು ಸಲ 1.30 ಎಂದರೆ 9.1, ಒಟ್ಟು 19. ಅದನ್ನು 18ಕ್ಕೆ ಭಾಗಿಸಿದರೆ 1.06. ಮಾನಕ ವಿಚಲನೆ ಬೇಕಿದ್ದರೆ ಕಡೆಗೆ ವರ್ಗಮೂಲ ತೆಗೆಯಬೇಕು; ವಿಚಲನೆಗಳನ್ನೇ ಸರಾಸರಿ ಮಾಡಬಾರದು. ಎಕ್ಸೆಲ್‌ನಲ್ಲಿ ಮಾಡುವವರು ವೇರಿಯನ್ಸಿನ ಸೂತ್ರಗಳಲ್ಲಿ ಕೊನೆಗೆ ಎಸ್ ಇರುವುದನ್ನು ಆರಿಸಬೇಕು, ಪಿ ಇರುವುದನ್ನಲ್ಲ. ಪಿ ಸೂತ್ರ ಒಂದು ಕಡಿಮೆ ಮಾಡದೆ ಪೂರಾ ಸಂಖ್ಯೆಯಿಂದ ಭಾಗಿಸುತ್ತದೆ.

1.06ರಿಂದ ಸರಾಸರಿಗಳ ವ್ಯತ್ಯಾಸದ ಮಾನಕ ದೋಷ (ಆ ವ್ಯತ್ಯಾಸ ಎಷ್ಟು ಹಿಂದೆಮುಂದೆ ಆಗಬಹುದು ಎಂಬುದರ ಅಳತೆ) 0.47 ಬಂತು. ವ್ಯತ್ಯಾಸ 1.1, ಅದನ್ನು ಮಾನಕ ದೋಷಕ್ಕೆ ಭಾಗಿಸಿದ ಟಿ ಬೆಲೆ 2.35; 18 ಡಿಗ್ರಿಗೆ ಕೋಷ್ಟಕದ ಗಡಿ 2.10. ಗಡಿ ದಾಟಿದರೆ ವ್ಯತ್ಯಾಸ ಬರೀ ಆಕಸ್ಮಿಕ ಎನ್ನುವುದು ಕಷ್ಟ. ಎರಡು ಪಟ್ಟಿಗಳ ನಡುವೆ ನಿಜವಾದ ಅಂತರ 0.1ರಿಂದ 2.1ರವರೆಗೆ ಎಲ್ಲಿಯಾದರೂ ಇರಬಹುದು. ಹಾಗಂತ "ಡ್ರಿಪ್‌ನಿಂದ ಸಿಹಿ ಏರಿತು" ಎಂದು ನಾನು ಬರೆಯಲಿಲ್ಲ. ಎರಡು ಪಟ್ಟಿಗಳ ಮಣ್ಣೂ ಬೇರೆ, ಒಂದು ಹೊಳೆಗೆ ಹತ್ತಿರ. ಹನ್ನೆರಡು ಕಬ್ಬು ನೋಡಿದರೂ ಪಟ್ಟಿ ಒಂದೇ. ಡ್ರಿಪ್‌ನ ಗುಣ ಹೇಳಲು ಹತ್ತಾರು ಪಟ್ಟಿ ಬೇಕು. ಮೊದಲು ಯಾವ ಪಟ್ಟಿ ಕಡಿಸಬೇಕು ಎನ್ನಲು ಮಾತ್ರ ಇಷ್ಟು ಸಾಕಾಯಿತು.

ಟಿ ಪರೀಕ್ಷೆ ಹುಟ್ಟಿದ್ದೂ ಇಂಥ ಕೆಲಸದಲ್ಲಿಯೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್‌ಗೆ ಕೈಯಲ್ಲಿದ್ದದ್ದು ಕೆಲವೇ ಅಳತೆಗಳು. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಬಂಧ ಬರೆದರು. ಕೈಯಲ್ಲಿ ಎಂಟೇ ಕಬ್ಬು ಇರುವವರಿಗೆ ಅವರು ಮಾಡಿದ ಉಪಕಾರ ದೊಡ್ಡದು.

ಕೂಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ಸರದಿ ಬಂದಾಗ ಈ ಲೆಕ್ಕ ನನ್ನನ್ನು ಬೀಳಿಸುವುದರಲ್ಲಿತ್ತು. ಹೊಸ ಲಾವಣಿಯ (ಹೊಸದಾಗಿ ನೆಟ್ಟ) ಪಟ್ಟಿಯಲ್ಲಿ 18 ಕಬ್ಬು ನೋಡಿದ್ದೆ, ವೇರಿಯನ್ಸ್ 0.8. ಕೂಳೆಯಲ್ಲಿ ಹೊತ್ತಾಗಿ ಆರೇ ಕಬ್ಬು ನೋಡಿದ್ದೆ, ವೇರಿಯನ್ಸ್ 4. ಕೂಳೆಯ ಸರಾಸರಿ 1.3 ಹೆಚ್ಚು. ಕೂಳೆ ಬೇಗ ಮಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು, ಹಾಗಾಗಿ ಉತ್ತರ ಮೊದಲೇ ಮನಸ್ಸಿನಲ್ಲಿತ್ತು. ಪೂಲ್ ಮಾಡಿದೆ: 1.53. ಟಿ ಬೆಲೆ 2.23, ಗಡಿ 2.07. ಗೆದ್ದೆ ಅಂದುಕೊಂಡೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಒಂದರ ವೇರಿಯನ್ಸ್ ಇನ್ನೊಂದರ ಐದು ಪಟ್ಟು. ಪೂಲ್ ಮಾಡುವುದೆಂದರೆ ಎರಡೂ ಪಟ್ಟಿಗಳ ಒಳಗಿನ ಚದುರುವಿಕೆ ಮೂಲದಲ್ಲಿ ಒಂದೇ ಎಂದು ಒಪ್ಪಿದಂತೆ. ಇಲ್ಲಿ ಅದನ್ನು ಒಪ್ಪುವುದು ಹೇಗೆ? ಅದೂ ಚದುರುವಿಕೆ ಹೆಚ್ಚಿರುವುದು ಕಡಿಮೆ ಕಬ್ಬು ನೋಡಿದ ಪಟ್ಟಿಯಲ್ಲಿ. ಹದಿನೆಂಟು ಸಮನಾದ ಕಬ್ಬುಗಳು ಆರು ಹೆಚ್ಚುಕಡಿಮೆ ಕಬ್ಬುಗಳ ಅನಿಶ್ಚಿತತೆಯನ್ನು ಮುಚ್ಚಿಹಾಕಿದ್ದವು. ಬೆಳಿಗ್ಗೆ ಎದ್ದು ಪೂಲ್ ಮಾಡದೆ, 1947ರಲ್ಲಿ ಸಂಖ್ಯಾಶಾಸ್ತ್ರಜ್ಞ ವೆಲ್ಚ್ ತೋರಿಸಿಕೊಟ್ಟ ರೀತಿಯಲ್ಲಿ ಒಂದೊಂದು ವೇರಿಯನ್ಸನ್ನು ಅದರದರ ಸಂಖ್ಯೆಗೆ ಭಾಗಿಸಿ ಕೂಡಿಸಿದೆ. ಮಾನಕ ದೋಷ 0.58ರಿಂದ 0.84ಕ್ಕೆ ಏರಿತು, ಟಿ ಬೆಲೆ 1.54ಕ್ಕೆ ಇಳಿಯಿತು. ಡಿಗ್ರಿಗಳು 22 ಅಲ್ಲ, ಆರಕ್ಕೂ ಕಡಿಮೆ, ಗಡಿ 2.5ರ ಹತ್ತಿರ. ಅದೇ ಅಂಕಿ, ಉತ್ತರ ಉಲ್ಟಾ.

ಅಂದಿನಿಂದ ಪೂಲ್ ಮಾಡುವ ಮೊದಲು ಎರಡು ವೇರಿಯನ್ಸ್ ಪಕ್ಕಪಕ್ಕ ಬರೆದು ನೋಡುತ್ತೇನೆ. ಸಂಖ್ಯೆಗಳೂ ಸರಿಸುಮಾರು ಸಮ, ವೇರಿಯನ್ಸ್‌ಗಳೂ ಹತ್ತಿರ ಇದ್ದರೆ ನಿಶ್ಚಿಂತೆಯಿಂದ ಪೂಲ್ ಮಾಡುತ್ತೇನೆ. ಅನುಮಾನ ಬಂದರೆ ವೆಲ್ಚ್. ಒಂದೇ ಉಪಕರಣದ ಜೋಡಿ ರೀಡಿಂಗ್‌ಗಳಿಗೆ ಮಾತ್ರ ಪೂಲ್ಡ್ ವೇರಿಯನ್ಸ್ ಬಿಟ್ಟು ಬೇರೆ ದಾರಿ ನನಗೆ ಬೇಕಾಗಿಲ್ಲ.

ಕಾಕಾನಿಗೆ ಕೂಳೆ ಪಟ್ಟಿಯಲ್ಲಿ ಚದುರುವಿಕೆ ವಿಪರೀತ ಇದೆ ಎಂದೆ. ಅವರಿಗೆ ಲೆಕ್ಕ ಬೇಕಾಗಲೇ ಇಲ್ಲ. "ಇರೂದ ಅದು. ಅರ್ಧ ಕೂಳಿ, ಅರ್ಧ ನಡಬರಕ ಖಾಲಿ ಬಿದ್ದಲ್ಲಿ ಹಚ್ಚಿದ ಎಳೀ ಕಬ್ಬ. ನೀ ಕೇಳಿದ್ರ ಮೊದಲ ಹೇಳತಿದ್ದೆ." ಮರುದಿನ ಇಬ್ಬರೂ ಸೇರಿ ಇನ್ನೂ ಹನ್ನೆರಡು ಕಬ್ಬು ಚುಚ್ಚಿದೆವು. ಈ ಸಲ ವಹಿಯಲ್ಲಿ ಹಳೇ ಬುಡಕ್ಕೆ ಒಂದು ಕಂಬ, ಎಳೆಯದಕ್ಕೆ ಇನ್ನೊಂದು.